ಗದ್ದೆಯ ಪ್ರಶ್ನೆಗೆ ಯಾವ ಕಕ್ಷೆ ಉತ್ತರ ಕೊಡುತ್ತದೆ?

ಹೋದ ಮುಂಗಾರಿನಲ್ಲಿ, ಮಂಡ್ಯ ಜಿಲ್ಲೆಯ ನಾಲೆಯೊಂದರ ಕೊನೆ ಭಾಗದ ಹಳ್ಳಿಯ ರೈತರೊಬ್ಬರು ಶಾಲೆ ಬಿಡುವ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬಂದರು. ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಅರ್ಜಿ ಇತ್ತು. "ಮೇಷ್ಟ್ರೇ, ನೀರು ಬಿಟ್ಟು ಮೂರು ವಾರವಾಯಿತು, ನಮ್ಮ ಬಯಲಿಗೆ ಇನ್ನೂ ತಲುಪಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಉಪಗ್ರಹ ದಿನವೆಲ್ಲ ನಮ್ಮ ತಲೆಯ ಮೇಲೇ ಇರುತ್ತದಲ್ಲ, ಅದು ತೆಗೆದ ಚಿತ್ರವನ್ನು ಅರ್ಜಿಗೆ ಲಗತ್ತಿಸಿದರೆ ಆಗುವುದಿಲ್ಲವೇ?"

ಆಗುತ್ತದೆ. ಆದರೆ ದಿನವೆಲ್ಲ ತಲೆಯ ಮೇಲಿರುವ ಉಪಗ್ರಹಕ್ಕೆ ಅವರ ಗದ್ದೆ ಕಾಣುವುದಿಲ್ಲ. ಅವರ ಗದ್ದೆ ಕಾಣುವ ಉಪಗ್ರಹ ದಿನವೆಲ್ಲ ತಲೆಯ ಮೇಲಿರುವುದಿಲ್ಲ. ಇದು ಕ್ಯಾಮೆರಾದ ಕೊರತೆಯಲ್ಲ, ಕಕ್ಷೆಯ ಲೆಕ್ಕ. ಆ ಸಂಜೆ ಅವರೊಂದಿಗೆ ಕುಳಿತು ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಕೆರೆ, ಕಬ್ಬಿನ ತೋಟ, ಕೆಆರ್‌ಎಸ್ ಹಿನ್ನೀರು, ಮೈಸೂರಿನ ಹೊರವಲಯದ ಬಡಾವಣೆ, ಯಾವುದನ್ನು ಮೇಲಿನಿಂದ ನೋಡಬೇಕಿದ್ದರೂ ದಾರಿ ಇದೇ.

ಮೊದಲ ಹಂತ: ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ. ನೋಡಬೇಕಾದ ವಸ್ತು ಎಷ್ಟು ದೊಡ್ಡದು? ಅದು ಎಷ್ಟು ಬೇಗ ಬದಲಾಗುತ್ತದೆ, ಗಂಟೆಗಳಲ್ಲೋ ವಾರಗಳಲ್ಲೋ ವರ್ಷಗಳಲ್ಲೋ? ದಿನದ ಯಾವ ಹೊತ್ತಿನಲ್ಲಿ ನೋಡಿದರೆ ಕಾಣುತ್ತದೆ? ಆ ತಿಂಗಳಲ್ಲಿ ಮೋಡ ಇರುತ್ತದೆಯೇ?

ಆ ರೈತರ ಉತ್ತರಗಳು ಹೀಗಿದ್ದವು: ಬಯಲು ಸುಮಾರು ಹದಿನೈದು ಎಕರೆ, ಅದರಲ್ಲಿ ಅವರದು ಒಂದೂವರೆ. ನೀರು ಬಂದರೆ ಎರಡು ಮೂರು ದಿನದಲ್ಲಿ ಗದ್ದೆ ತುಂಬುತ್ತದೆ. ಹೊತ್ತು ಯಾವುದಾದರೂ ನಡೆಯುತ್ತದೆ. ತಿಂಗಳು ಜುಲೈ-ಆಗಸ್ಟ್, ಅಂದರೆ ಆಕಾಶ ತೆರೆಯುವುದೇ ಅಪರೂಪ. ಈ ಕೊನೆಯ ಸಾಲೇ ಆ ದಿನದ ಇಡೀ ಕೆಲಸವನ್ನು ತೀರ್ಮಾನಿಸಿತು. ಹೇಗೆಂದು ಮುಂದೆ ಹೇಳುತ್ತೇನೆ.

ಎರಡನೆಯ ಹಂತ: ಒಂದು ಕುಂಬಳಕಾಯಿ, ಒಂದು ದಾರ

ಕಕ್ಷೆಗಳನ್ನು ಹಲಗೆಯ ಮೇಲೆ ಚಿತ್ರ ಬರೆದು ಎಷ್ಟು ವಿವರಿಸಿದರೂ ತಲೆಗೆ ಹತ್ತುವುದು ಕಷ್ಟ. ಕೈಯಲ್ಲಿ ಹಿಡಿದು ನೋಡಬೇಕು. ಅಡುಗೆಮನೆಯಿಂದ ಒಂದು ಸಿಹಿಗುಂಬಳಕಾಯಿ ತನ್ನಿ. ಗೇಣಿಗಿಂತ ತುಸು ಹೆಚ್ಚು, ಸುಮಾರು 25 ಸೆಂ.ಮೀ. ಅಗಲ ಇರಲಿ. ತೊಟ್ಟು ಉತ್ತರ ಧ್ರುವ, ಬುಡ ದಕ್ಷಿಣ ಧ್ರುವ, ತೊಟ್ಟಿನಿಂದ ಬುಡಕ್ಕೆ ಇಳಿಯುವ ಗೀರುಗಳು ರೇಖಾಂಶಗಳು, ನಡುವಿನ ಉಬ್ಬು ಸಮಭಾಜಕ ವೃತ್ತ. ಉಬ್ಬಿನಿಂದ ತೊಟ್ಟಿನ ಕಡೆಗೆ ಏಳರಲ್ಲೊಂದು ಪಾಲು ಮೇಲೇರಿ ಸುಣ್ಣದಿಂದ ಒಂದು ಚುಕ್ಕೆ ಇಡಿ. ಅದು ಮಂಡ್ಯ, ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶ.

ಈ ಅಳತೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 510 ಕಿ.ಮೀ. ಈಗ ದೂರಗಳನ್ನು ನೋಡಿ. ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕುಂಬಳದ ಸಿಪ್ಪೆಯಿಂದ ಒಂದು ಸೆಂಟಿಮೀಟರ್ ಕೂಡ ಮೇಲಿಲ್ಲ. ಬೆಳೆಗಳನ್ನು ನೋಡುವ ಸೆಂಟಿನೆಲ್-2 ಉಪಗ್ರಹಗಳು 786 ಕಿ.ಮೀ. ಎತ್ತರದಲ್ಲಿವೆ, ಅಂದರೆ ಒಂದೂವರೆ ಸೆಂ.ಮೀ., ಹೆಬ್ಬೆರಳಿನ ದಪ್ಪ. ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ., ಇಲ್ಲಿ 40 ಸೆಂ.ಮೀ. ಹವಾಮಾನದ ಇನ್ಸಾಟ್ ಉಪಗ್ರಹಗಳು 35,786 ಕಿ.ಮೀ. ದೂರದಲ್ಲಿವೆ: ಕುಂಬಳದಿಂದ 70 ಸೆಂ.ಮೀ., ಚಾಚಿದ ತೋಳಿನ ಉದ್ದ. ಇಡೀ ಕಾಯಿಯನ್ನು ಒಂದೇ ನೋಟದಲ್ಲಿ ನೋಡಬೇಕಾದರೆ ಅಷ್ಟು ಹಿಂದೆ ಸರಿಯಲೇಬೇಕು. ಸಿಪ್ಪೆಯ ಮೇಲಿನ ಒಂದು ಗೀರನ್ನು ನೋಡಬೇಕಾದರೆ ಹೆಬ್ಬೆರಳಿನಷ್ಟು ಹತ್ತಿರ ಬರಲೇಬೇಕು. ಎರಡನ್ನೂ ಒಂದೇ ಉಪಗ್ರಹದಿಂದ ಪಡೆಯಲಾಗುವುದಿಲ್ಲ.

ಹತ್ತಿರ ಬಂದಷ್ಟೂ ವೇಗ ಹೆಚ್ಚಬೇಕು. ಭೂಮಿಯ ಸೆಳೆತ ಅಲ್ಲಿ ಬಲವಾಗಿರುವುದರಿಂದ ನಿಧಾನವಾದರೆ ಕೆಳಗೆ ಬೀಳುತ್ತದೆ. 786 ಕಿ.ಮೀ. ಎತ್ತರದಲ್ಲಿ ವೇಗ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್. ಮೈಸೂರಿನ ಮೇಲಿಂದ ಬೆಂಗಳೂರಿನ ಮೇಲಕ್ಕೆ ಹೋಗುವಷ್ಟು ದೂರವನ್ನು ಇಪ್ಪತ್ತು ಸೆಕೆಂಡಿನಲ್ಲಿ ದಾಟುತ್ತದೆ. ಭೂಮಿಯನ್ನು ಒಂದು ಸುತ್ತು ಹಾಕಲು ನೂರು ನಿಮಿಷ ಸಾಕು. ಮೇಲೆ ಹೋದಂತೆ ಸುತ್ತು ದೊಡ್ಡದು, ವೇಗ ಕಡಿಮೆ. 35,786 ಕಿ.ಮೀ.ಗೆ ಬಂದಾಗ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕು, ಅಂದರೆ ಭೂಮಿ ತನ್ನ ಅಚ್ಚಿನ ಮೇಲೆ ಒಮ್ಮೆ ತಿರುಗುವಷ್ಟೇ ಸಮಯ. ಸಮಭಾಜಕದ ಮೇಲೆ ಪೂರ್ವಾಭಿಮುಖವಾಗಿ ಹೀಗೆ ಸುತ್ತುವ ಉಪಗ್ರಹ ನಮಗೆ ಆಕಾಶದಲ್ಲಿ ಕದಲದೆ ನಿಂತಂತೆ ಕಾಣುತ್ತದೆ. ಇದೇ ಭೂಸ್ಥಿರ ಕಕ್ಷೆ. ನಿಮ್ಮ ಮನೆಯ ಮೇಲಿನ ಟಿವಿ ಡಿಶ್ಶನ್ನು ಒಮ್ಮೆ ದಕ್ಷಿಣದ ಆಕಾಶಕ್ಕೆ ತಿರುಗಿಸಿ ಬಿಗಿದ ಮೇಲೆ ವರ್ಷಗಟ್ಟಲೆ ಮುಟ್ಟಬೇಕಾಗಿಲ್ಲದಿರುವುದು ಈ ಕಾರಣಕ್ಕೆ.

ಭೂಸ್ಥಿರ ಕಕ್ಷೆಯಿಂದ ನಮ್ಮ ಮೋಡಗಳನ್ನು ನೋಡುವ ಉಪಗ್ರಹಗಳು ಇನ್ಸಾಟ್-3ಡಿಆರ್ ಮತ್ತು ಇನ್ಸಾಟ್-3ಡಿಎಸ್. ಮೊದಲನೆಯದು 2016ರ ಸೆಪ್ಟೆಂಬರ್‌ನಲ್ಲಿ, ಎರಡನೆಯದು 2024ರ ಫೆಬ್ರವರಿ 17ರಂದು ಹಾರಿದವು. ಒಂದರ ನೆಲೆ 74 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಇನ್ನೊಂದರದು 82 ಡಿಗ್ರಿ. ಮೈಸೂರಿನಿಂದ ನೋಡಿದರೆ ಎರಡೂ ದಕ್ಷಿಣ ದಿಕ್ಕಿನಲ್ಲಿ ದಿಗಂತದಿಂದ ಸುಮಾರು 75 ಡಿಗ್ರಿ ಮೇಲೆ, ಬಹುತೇಕ ನೆತ್ತಿಯ ಹತ್ತಿರವೇ ಇವೆ. ರೈತರು ಹೇಳಿದ "ತಲೆಯ ಮೇಲೇ ಇರುವ" ಉಪಗ್ರಹಗಳು ಇವೇ. ಇಂತಹ ಭೂಸ್ಥಿರ ಉಪಗ್ರಹಗಳು ತಮ್ಮ ನೆಲೆ ಬಿಟ್ಟು ಕದಲದಂತೆ ನೋಡಿಕೊಳ್ಳುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ನಮ್ಮ ನೆರೆಯ ಹಾಸನದಲ್ಲಿದೆ. 1982ರಿಂದ ಅದು ಕೆಲಸ ಮಾಡುತ್ತಿದೆ. ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ.

ಈಗ ದಾರವನ್ನು ತೆಗೆದುಕೊಳ್ಳಿ. ತೊಟ್ಟು ಮತ್ತು ಬುಡದ ಹತ್ತಿರ ಹಾಯುವಂತೆ ಕುಂಬಳದ ಸುತ್ತ ಒಂದು ಬಳೆ ಮಾಡಿ, ಅದನ್ನು ಒಬ್ಬರು ಅಲುಗದಂತೆ ಹಿಡಿದುಕೊಳ್ಳಲಿ. ಇನ್ನೊಬ್ಬರು ಒಳಗಿನ ಕುಂಬಳವನ್ನು ಪಶ್ಚಿಮದಿಂದ ಪೂರ್ವಕ್ಕೆ ನಿಧಾನವಾಗಿ ತಿರುಗಿಸಲಿ. ದಾರ ಅಲ್ಲಿಯೇ ಇದ್ದರೂ ಅದರ ಕೆಳಗೆ ಹೊಸ ಹೊಸ ಗೀರುಗಳು ಬರುತ್ತವೆ. ಇದೇ ಧ್ರುವೀಯ ಕಕ್ಷೆ. ಉಪಗ್ರಹ ನೂರು ನಿಮಿಷದಲ್ಲಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಭೂಮಿ 25 ಡಿಗ್ರಿ ತಿರುಗಿರುತ್ತದೆ. ಸಮಭಾಜಕದಲ್ಲಿ ಅದು 2,800 ಕಿ.ಮೀ. ನಿಮ್ಮ ಕುಂಬಳದಲ್ಲಿ ಹದಿನಾಲ್ಕು ಹೋಳುಗಳಿದ್ದರೆ ಸುತ್ತಿಗೊಂದು ಹೋಳು ದಾಟಿತು ಎನ್ನಬಹುದು. ಸೆಂಟಿನೆಲ್-2 ನೋಡುವ ಪಟ್ಟಿಯ ಅಗಲ 290 ಕಿ.ಮೀ. ಮಾತ್ರ. ಹಾಗಾಗಿ ಇಂದು ಎರಡು ಸುತ್ತುಗಳ ನಡುವೆ ಬಿಟ್ಟುಹೋದ ಜಾಗವನ್ನು ನಾಳೆ, ನಾಡಿದ್ದು ತುಂಬುತ್ತಾ ಹೋಗಬೇಕು. ಒಂದು ಉಪಗ್ರಹಕ್ಕೆ ಅದಕ್ಕಾಗಿ ಹತ್ತು ದಿನ, 143 ಸುತ್ತು ಬೇಕು. ಒಂದೇ ಕಕ್ಷೆಯಲ್ಲಿ ಎದುರುಬದುರಾಗಿ ಎರಡನ್ನು ಬಿಟ್ಟಿರುವುದರಿಂದ ನಮ್ಮ ಹೊಲಕ್ಕೆ ಐದು ದಿನಕ್ಕೊಮ್ಮೆ ಸರದಿ ಬರುತ್ತದೆ.

ಇದೇ ಲೆಕ್ಕ ನೆಲವನ್ನು ಮೇಲಿನಿಂದ ನೋಡುವ ಎಲ್ಲಾ ದೂರಸಂವೇದಿ ಉಪಗ್ರಹಗಳಿಗೂ. 705 ಕಿ.ಮೀ. ಎತ್ತರದ ಅಮೆರಿಕದ ಲ್ಯಾಂಡ್‌ಸ್ಯಾಟ್ 185 ಕಿ.ಮೀ. ಅಗಲ ನೋಡುತ್ತದೆ, 16 ದಿನಕ್ಕೆ ಹಿಂದಿರುಗುತ್ತದೆ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಎರಡೂ ಸೇರಿ ಎಂಟು ದಿನಕ್ಕೊಮ್ಮೆ. ನಮ್ಮ ರಿಸೋರ್ಸ್‌ಸ್ಯಾಟ್‌ನಲ್ಲಿ ಬೇರೆ ಬೇರೆ ಕ್ಯಾಮೆರಾಗಳಿವೆ: ಲಿಸ್-3 ಸೂಕ್ಷ್ಮವಾಗಿ ನೋಡುತ್ತದೆ, 24 ದಿನಕ್ಕೊಮ್ಮೆ. ಆವಿಫ್ಸ್ 740 ಕಿ.ಮೀ. ಅಗಲವನ್ನು ಒಮ್ಮೆಲೇ ನೋಡುತ್ತದೆ, ಐದು ದಿನಕ್ಕೊಮ್ಮೆ, ಆದರೆ ಒರಟಾಗಿ.

ಮೂರನೆಯ ಹಂತ: ಚೌಕವನ್ನು ಗುಂಟೆಗೆ ಇಳಿಸಿ

ಉಪಗ್ರಹ ಚಿತ್ರದ ಅತಿ ಚಿಕ್ಕ ತುಣುಕು ಒಂದು ಚೌಕ. ಸೆಂಟಿನೆಲ್-2ರಲ್ಲಿ ಅದರ ಬದಿ 10 ಮೀಟರ್. ಒಮ್ಮೆ ರೈತರ ಸಭೆಯೊಂದರಲ್ಲಿ ಹತ್ತು ಮೀಟರ್ ಎಂದಾಗ ಯಾರೂ ತಲೆಯಾಡಿಸಲಿಲ್ಲ. 10 ಮೀಟರ್‌ಗೆ 10 ಮೀಟರ್ ಎಂದರೆ 100 ಚದರ ಮೀಟರ್, ಒಂದು ಗುಂಟೆ ಎಂದರೆ 101 ಚದರ ಮೀಟರ್, ಆದ್ದರಿಂದ ಒಂದು ಚೌಕ ಒಂದು ಗುಂಟೆ ಎಂದು ಹೇಳಿದ ಕ್ಷಣವೇ ಎಲ್ಲರಿಗೂ ತಿಳಿಯಿತು. ನಲವತ್ತು ಚೌಕ ಒಂದು ಎಕರೆ. ಪಹಣಿಯಲ್ಲಿ ಎಕರೆ-ಗುಂಟೆ ಓದಿ ಬೆಳೆದ ನಮಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ.

ಉಳಿದವನ್ನೂ ಹಾಗೆಯೇ ಇಳಿಸಿಕೊಳ್ಳಿ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚೌಕ ಒಂಬತ್ತು ಗುಂಟೆ. ಲಿಸ್-3ರ 23.5 ಮೀಟರ್ ಚೌಕ ಐದೂವರೆ ಗುಂಟೆ. ಆವಿಫ್ಸ್‌ನ 56 ಮೀಟರ್ ಚೌಕ 31 ಗುಂಟೆ, ಮುಕ್ಕಾಲು ಎಕರೆಗಿಂತ ಸ್ವಲ್ಪ ಹೆಚ್ಚು. ಇನ್ಸಾಟ್‌ನ ಕಣ್ಣಿಗೆ ಹಗಲು ಬೆಳಕಿನಲ್ಲಿ ಒಂದು ಚೌಕ ಒಂದು ಚದರ ಕಿಲೋಮೀಟರ್, ಅಂದರೆ 247 ಎಕರೆ. ರಾತ್ರಿಯೂ ನೋಡಬಲ್ಲ ಶಾಖದ ಪಟ್ಟಿಯಲ್ಲಿ ನಾಲ್ಕು ಕಿ.ಮೀ. ಬದಿಯ ಚೌಕ, ಸುಮಾರು ನಾಲ್ಕು ಸಾವಿರ ಎಕರೆ. ಅಲ್ಲಿ ಒಂದೂವರೆ ಎಕರೆ ಗದ್ದೆಯನ್ನು ಹುಡುಕುವುದು ಆಗದ ಮಾತು.

ನನ್ನ ಅನುಭವದ ಒಂದು ಎಚ್ಚರಿಕೆ: ನಿಮ್ಮ ಜಮೀನು ಕನಿಷ್ಠ ಒಂಬತ್ತು ಚೌಕವಾದರೂ ಇರಬೇಕು, ಮೂರಕ್ಕೆ ಮೂರು. ಅಂಚಿನ ಚೌಕಗಳಲ್ಲಿ ಪಕ್ಕದವರ ಬೆಳೆ, ಬದುವಿನ ತೆಂಗು, ದಾರಿ ಎಲ್ಲವೂ ಬೆರೆತಿರುತ್ತವೆ. ನಡುವಿನ ಚೌಕ ಮಾತ್ರ ಪೂರ್ತಿ ನಿಮ್ಮದು. ಒಂದೂವರೆ ಎಕರೆಗೆ ಸೆಂಟಿನೆಲ್ ಚೆನ್ನಾಗಿ ಸಾಕು, ಲ್ಯಾಂಡ್‌ಸ್ಯಾಟ್ ಸಾಲದು.

ತೆಂಗಿನ ಮರ ಒಂದೊಂದಾಗಿ ಕಾಣಬೇಕೆಂದರೆ ಇನ್ನೂ ಕೆಳಗೆ ಇಳಿಯಬೇಕು. 2019ರ ನವೆಂಬರ್‌ನಲ್ಲಿ ಹಾರಿದ ಕಾರ್ಟೊಸ್ಯಾಟ್-3 ಕೇವಲ 509 ಕಿ.ಮೀ. ಎತ್ತರದಲ್ಲಿದ್ದು, ಮೂವತ್ತು ಸೆಂಟಿಮೀಟರ್‌ಗೂ ಕಡಿಮೆ ವಿವರವನ್ನು ಹಿಡಿಯುತ್ತದೆ. ಆದರೆ ಅದು ಒಮ್ಮೆಗೆ ನೋಡುವುದು ಸುಮಾರು 16 ಕಿ.ಮೀ. ಅಗಲದ ಪಟ್ಟಿಯನ್ನು ಮಾತ್ರ. ಇದು ವಾರವಾರವೂ ಹೊಲ ನೋಡುವ ಕಣ್ಣಲ್ಲ, ನಕ್ಷೆ ಮಾಡುವ ಕಣ್ಣು.

ನಾಲ್ಕನೆಯ ಹಂತ: ಗಡಿಯಾರ ನೋಡಿ

ಸೂರ್ಯ ಸಮಕಾಲಿಕ ಕಕ್ಷೆ ಎಂಬ ದೊಡ್ಡ ಹೆಸರಿನ ಹಿಂದೆ ಸರಳವಾದ ಒಂದು ಆಸೆ ಇದೆ: ಪ್ರತಿಸಲವೂ ಒಂದೇ ಹೊತ್ತಿನಲ್ಲಿ ಬರಬೇಕು. ಬೆಳಗ್ಗೆ ಒಂದು ಚಿತ್ರ, ಸಂಜೆ ಒಂದು ಚಿತ್ರ ತೆಗೆದರೆ ನೆರಳುಗಳೇ ಬದಲಾಗಿ, ಬೆಳೆ ಬದಲಾಯಿತೋ ಬೆಳಕು ಬದಲಾಯಿತೋ ತಿಳಿಯುವುದಿಲ್ಲ.

ಆದರೆ ಇಲ್ಲೊಂದು ತೊಡಕು ಇದೆ. ದಾರದ ಬಳೆ ಆಕಾಶದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ, ಭೂಮಿ ವರ್ಷದಲ್ಲಿ ಸೂರ್ಯನನ್ನು ಸುತ್ತಿ ಬರುವಾಗ ಬೆಳಗಿನ ಹತ್ತೂವರೆಯ ಕಕ್ಷೆ ಮೂರು ತಿಂಗಳಲ್ಲಿ ಆರು ಗಂಟೆಯಷ್ಟು ಸರಿದುಬಿಡುತ್ತದೆ. ಬಳೆಯನ್ನೇ ದಿನಕ್ಕೆ ಒಂದು ಡಿಗ್ರಿಯಷ್ಟು, ಸರಿಯಾಗಿ ಹೇಳಬೇಕೆಂದರೆ 0.9856 ಡಿಗ್ರಿ, ಪೂರ್ವಕ್ಕೆ ತಿರುಗಿಸುತ್ತಿರಬೇಕು. ಇದಕ್ಕೆ ಇಂಧನ ಸುಡುತ್ತಾರೆಯೇ? ಇಲ್ಲ. ಇಲ್ಲಿ ಕುಂಬಳದ ಆಕಾರ ನೆರವಿಗೆ ಬರುತ್ತದೆ. ಭೂಮಿಯೂ ನಡುವಿನಲ್ಲಿ ಉಬ್ಬಿದೆ. ಸಮಭಾಜಕದ ತ್ರಿಜ್ಯ 6,378 ಕಿ.ಮೀ., ಧ್ರುವದ ತ್ರಿಜ್ಯ 6,357 ಕಿ.ಮೀ. ಆ 21 ಕಿ.ಮೀ. ಉಬ್ಬಿನ ಸೆಳೆತ ಓರೆಯಾಗಿರುವ ಕಕ್ಷೆಯನ್ನು ದಿನವೂ ತುಸು ತಿರುಚುತ್ತದೆ. 700-800 ಕಿ.ಮೀ. ಎತ್ತರದಲ್ಲಿ ಕಕ್ಷೆಯನ್ನು ಸಮಭಾಜಕಕ್ಕೆ ಸುಮಾರು 98 ಡಿಗ್ರಿ ಓರೆಯಾಗಿ ಇಟ್ಟರೆ ಆ ತಿರುಚು ಸರಿಯಾಗಿ ದಿನಕ್ಕೆ ಒಂದು ಡಿಗ್ರಿಯ ಹತ್ತಿರ ಬಂದು ನಿಲ್ಲುತ್ತದೆ. ಭೂಮಿ ಪರಿಪೂರ್ಣ ಗೋಳವಾಗಿದ್ದರೆ ಈ ಕಕ್ಷೆ ಇರುತ್ತಿರಲಿಲ್ಲ. ಎಷ್ಟು ಸಲ ಪಾಠ ಮಾಡಿದರೂ ಈ ಜಾಗಕ್ಕೆ ಬಂದಾಗ ನನಗೆ ಮೈ ನವಿರೇಳುತ್ತದೆ.

ಸೆಂಟಿನೆಲ್-2, ರಿಸೋರ್ಸ್‌ಸ್ಯಾಟ್ ಎರಡೂ ಸಮಭಾಜಕವನ್ನು ಸ್ಥಳೀಯ ಸೌರಕಾಲ ಹತ್ತೂವರೆಗೆ ದಾಟುತ್ತವೆ. ಲ್ಯಾಂಡ್‌ಸ್ಯಾಟ್ ಅದಕ್ಕಿಂತ ತುಸು ಮೊದಲು. ಸೌರಕಾಲವೆಂದರೆ ನಮ್ಮ ಕೈಗಡಿಯಾರವಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಮಂಡ್ಯ ಇರುವುದು 77ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಇಪ್ಪತ್ತೆರಡು ನಿಮಿಷ ತಡ. ಕಕ್ಷೆಯ ಓರೆಯನ್ನೂ ಸೇರಿಸಿದರೆ ಸೆಂಟಿನೆಲ್-2 ನಮ್ಮ ಮೇಲೆ ಹಾಯುವುದು ಹನ್ನೊಂದು ಗಂಟೆಯ ಆಸುಪಾಸಿನಲ್ಲಿ. ಬೆಳಕು ಚೆನ್ನಾಗಿರುತ್ತದೆ, ಮಧ್ಯಾಹ್ನದ ಮೋಡ ಇನ್ನೂ ಕಟ್ಟಿರುವುದಿಲ್ಲ. ಆ ಹೊತ್ತನ್ನು ಆರಿಸಿದ್ದು ಇದಕ್ಕಾಗಿಯೇ.

ಬೆಂಕಿಯ ವಿಷಯದಲ್ಲಿ ಈ ಗಡಿಯಾರ ತುಂಬ ಮುಖ್ಯ. ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21 ಉಪಗ್ರಹಗಳ ವಿಐಐಆರ್‌ಎಸ್ ಉಪಕರಣ ಬೆಂಕಿಯ ಶಾಖವನ್ನು ಗುರುತಿಸುತ್ತದೆ. ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಕಾಣುವ ಕೆಂಪು ಚುಕ್ಕೆಗಳಲ್ಲಿ ಹೆಚ್ಚಿನವು ಅದರವು. ಅದರ ಚೌಕದ ಬದಿ 375 ಮೀಟರ್, ಸುಮಾರು 35 ಎಕರೆ. ಹಾಯುವ ಹೊತ್ತು ಸೌರಕಾಲದ ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಕಬ್ಬು ಕಡಿದ ಮೇಲೆ ಸಂಜೆ ಐದಕ್ಕೆ ತರಗಿಗೆ ಬೆಂಕಿ ಇಟ್ಟು ಆರಕ್ಕೆ ಆರಿದರೆ ನಕ್ಷೆಯಲ್ಲಿ ಚುಕ್ಕೆ ಮೂಡುವುದಿಲ್ಲ. ಚುಕ್ಕೆ ಇಲ್ಲವೆಂದರೆ ಬೆಂಕಿ ಇರಲಿಲ್ಲವೆಂದು ಬರೆಯಬೇಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದಂತಹ ದೊಡ್ಡ ಬೆಂಕಿಯಾದರೆ ಮಾತು ಬೇರೆ. ಅದು ದಿನಗಟ್ಟಲೆ ಉರಿಯುತ್ತದೆ, ಸುಟ್ಟ ಕಲೆ ಹತ್ತೂವರೆಯ ಉಪಗ್ರಹಗಳಿಗೂ ಕಾಣುತ್ತದೆ.

ಐದನೆಯ ಹಂತ: ಮೋಡವಿದ್ದರೆ ಆರು ಗಂಟೆಯ ಕಕ್ಷೆಗೆ ಹೋಗಿ

ಈಗ ನಮ್ಮ ರೈತರ ಪ್ರಶ್ನೆಗೆ ಮರಳೋಣ. ಸೆಂಟಿನೆಲ್-2ರ ಆ ಎರಡು ತಿಂಗಳ ಚಿತ್ರಗಳನ್ನು ಒಂದೊಂದಾಗಿ ತೆರೆದೆವು. ಬಿಳಿ, ಬಿಳಿ, ಬಿಳಿ. ಒಂದರಲ್ಲಿ ಮಾತ್ರ ಮೋಡದ ಕಿಂಡಿಯಲ್ಲಿ ಪಕ್ಕದ ಊರಿನ ಕೆರೆ ಕಂಡಿತು. ನಾಟಿಯ ತಿಂಗಳಲ್ಲಿ ಬೆಳಕಿನ ಕ್ಯಾಮೆರಾವನ್ನು ನಂಬಿ ಕೂರಬಾರದು. ರೇಡಾರ್ ಬೇಕು.

ರೇಡಾರ್ ಉಪಗ್ರಹ ತಾನೇ ಅಲೆಗಳನ್ನು ಕಳುಹಿಸಿ ಅವುಗಳ ಮರುದನಿಯನ್ನು ಕೇಳುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ಕತ್ತಲೆಯೂ ಅಡ್ಡಿಯಲ್ಲ. ಆದರೆ ವಿದ್ಯುತ್ ತುಂಬ ಬೇಕು. ಅದಕ್ಕಾಗಿ ಇವನ್ನು ಹೆಚ್ಚಾಗಿ ಹಗಲು-ಇರುಳಿನ ಗಡಿಯ ಮೇಲೆಯೇ ಸುತ್ತುವ ಕಕ್ಷೆಯಲ್ಲಿ ಇಡುತ್ತಾರೆ. ಕೆಳಗೆ ಯಾವಾಗಲೂ ಬೆಳಗಿನ ಆರು ಅಥವಾ ಸಂಜೆಯ ಆರು, ಮೇಲೆ ಸೌರಫಲಕಗಳ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಬಿಸಿಲು. ಯೂರೋಪಿನ ಸೆಂಟಿನೆಲ್-1 ಹೀಗೆ 693 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ, 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ನಮ್ಮ ರಿಸ್ಯಾಟ್-1 2012ರಲ್ಲಿ, ಇಒಎಸ್-04 2022ರ ಫೆಬ್ರವರಿಯಲ್ಲಿ ಇಂತಹದೇ ಕಕ್ಷೆಗೆ ಹೋದವು. ಇಸ್ರೋ ಮತ್ತು ನಾಸಾ ಜೊತೆಯಾಗಿ ಕಟ್ಟಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೊರಟಿತು. ಅದರದ್ದೂ ಹನ್ನೆರಡು ದಿನಗಳ ಸರದಿ.

ನೀರು ನಿಂತ ಗದ್ದೆ ರೇಡಾರ್‌ಗೆ ಕನ್ನಡಿಯಿದ್ದಂತೆ. ಓರೆಯಾಗಿ ಬಂದ ಅಲೆಯನ್ನು ಆಚೆಗೆ ಚಿಮ್ಮಿಸಿಬಿಡುತ್ತದೆ, ಉಪಗ್ರಹಕ್ಕೆ ಮರುದನಿ ಬರುವುದಿಲ್ಲ, ಚಿತ್ರದಲ್ಲಿ ಆ ಜಾಗ ಕಪ್ಪು. ಪೈರು ಬೆಳೆದಂತೆ ಅದೇ ಜಾಗ ಬೂದಿ ಬಣ್ಣಕ್ಕೆ ತಿರುಗಿ ಮತ್ತೆ ಬೆಳ್ಳಗಾಗುತ್ತದೆ. ಎತ್ತರದ ಕಬ್ಬು ಮೊದಲಿನಿಂದಲೂ ಬೆಳ್ಳಗೆ. ಅಲೆಯ ಉದ್ದವೂ ಮುಖ್ಯ: ಸೆಂಟಿನೆಲ್-1ರದು ಐದೂವರೆ ಸೆಂ.ಮೀ., ಕಬ್ಬಿನ ಮೇಲಿನ ಗರಿಗಳಲ್ಲೇ ನಿಂತುಬಿಡುತ್ತದೆ. ನಿಸಾರ್‌ನ ಎರಡು ರೇಡಾರ್‌ಗಳಲ್ಲಿ ಒಂದರ ಅಲೆ 24 ಸೆಂ.ಮೀ. ಉದ್ದ, ಅದು ಗರಿಗಳ ನಡುವೆ ಇನ್ನೂ ಒಳಕ್ಕೆ ಹೋಗುತ್ತದೆ.

ಜುಲೈ-ಆಗಸ್ಟ್‌ನ ಸೆಂಟಿನೆಲ್-1 ಚಿತ್ರಗಳನ್ನು ಸಾಲಾಗಿ ಇಟ್ಟಾಗ ಅವರು ಮೇಜಿನ ಮೇಲೆ ಬಾಗಿ ಬೆರಳಿಟ್ಟು ತೋರಿಸತೊಡಗಿದರು. ನಾಲೆಯ ಮೊದಲ ತೂಬುಗಳ ಬಯಲು ಮೊದಲ ಚಿತ್ರದಲ್ಲೇ ಕಪ್ಪಾಗಿತ್ತು. ಎರಡನೆಯದರಲ್ಲಿ ಕಪ್ಪು ಅರ್ಧ ದಾರಿಗೆ ಬಂದಿತ್ತು. ಅವರ ಬಯಲು ಅಲ್ಲಿ ಇನ್ನೂ ಬೂದಿ. ಮೂರನೆಯದರಲ್ಲಿ ಅದರ ಮೇಲಿನ ಅಂಚು ಮಾತ್ರ ಕಪ್ಪು. ಚಿತ್ರಗಳ ನಡುವಿನ ಅಂತರ ಹನ್ನೆರಡು ದಿನವಾದ್ದರಿಂದ ನೀರು ಬಂದ ದಿನ ಇಂಥದ್ದೇ ಎಂದು ಹೇಳಲಾಗಲಿಲ್ಲ. ಇಂತಹ ದಿನ ಬಂದಿರಲಿಲ್ಲ, ಇಂತಹ ದಿನ ಬಂದಿತ್ತು ಎಂದು ಹೇಳಲಾಯಿತು. ಅರ್ಜಿಯಲ್ಲಿ ಅಷ್ಟನ್ನೇ ಬರೆದೆವು.

ಇನ್ನುಳಿದ ಕಕ್ಷೆಗಳು

ಧ್ರುವದಿಂದ ಧ್ರುವಕ್ಕೆ ಹೋಗುವ ಉಪಗ್ರಹ ಮಳೆಯ ಓಟವನ್ನು ಹಿಡಿಯಲಾರದು. ಭಾರತ ಮತ್ತು ಫ್ರಾನ್ಸ್ 2011ರ ಅಕ್ಟೋಬರ್ 12ರಂದು ಹಾರಿಸಿದ ಮೇಘಾ-ಟ್ರಾಪಿಕ್ಸ್ 867 ಕಿ.ಮೀ. ಎತ್ತರದಲ್ಲಿ, ಸಮಭಾಜಕಕ್ಕೆ ಕೇವಲ 20 ಡಿಗ್ರಿ ಓರೆಯಾಗಿ ಸುತ್ತುತ್ತಿತ್ತು. ನಿಮ್ಮ ದಾರವನ್ನು ಸ್ವಲ್ಪವೇ ಓರೆ ಮಾಡಿ ನೋಡಿ: ಸುಣ್ಣದ ಚುಕ್ಕೆಯ ಮೇಲೆ ದಿನಕ್ಕೆ ಹಲವು ಬಾರಿ ಹಾಯುತ್ತದೆ, ಅಮೆರಿಕ, ಯೂರೋಪುಗಳ ಬಹುಭಾಗವನ್ನು ಮುಟ್ಟುವುದೇ ಇಲ್ಲ. ಉಷ್ಣವಲಯದ ಮಳೆಗಾಗಿಯೇ ಹೆಣೆದ ಕಕ್ಷೆ ಅದು. 2023ರ ಮಾರ್ಚ್ 7ರಂದು ಅದನ್ನು ನಿಯಂತ್ರಿಸಿ ಶಾಂತ ಸಾಗರದ ಮೇಲೆ ಕೆಳಗಿಳಿಸಿದರು.

ಬಾಹ್ಯಾಕಾಶ ನಿಲ್ದಾಣದ ಕಕ್ಷೆ 51.6 ಡಿಗ್ರಿ ಓರೆ, ಅದಕ್ಕೆ ನಿಗದಿತ ಹೊತ್ತಿಲ್ಲ. ಇಂದು ಬೆಳಗ್ಗೆ ಬಂದರೆ ಕೆಲವು ವಾರಗಳಲ್ಲಿ ನಡುರಾತ್ರಿ ಬರುತ್ತದೆ. ಅಲ್ಲಿ 2018ರಲ್ಲಿ ಅಳವಡಿಸಿದ ಇಕೋಸ್ಟ್ರೆಸ್ ಉಪಕರಣಕ್ಕೆ ಇದೇ ಲಾಭ: ಬೆಳೆ ಮಧ್ಯಾಹ್ನದ ಬಿಸಿಲಿಗೆ ಬಾಡುತ್ತಿದೆಯೇ ಎಂದು ತಿಳಿಯಲು ದಿನದ ಬೇರೆ ಬೇರೆ ಹೊತ್ತಿನ ಶಾಖ ಅಳೆಯಬೇಕು. ಮೊಲ್ನಿಯಾ ಎಂಬ ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯೂ ಇದೆ. 63.4 ಡಿಗ್ರಿ ಓರೆಯಾಗಿ, ಹನ್ನೆರಡು ಗಂಟೆಗೊಂದು ಸುತ್ತು, ಅದರಲ್ಲಿ ಹೆಚ್ಚು ಹೊತ್ತು ಉತ್ತರ ಧ್ರುವದ ಕಡೆಗೆ. ರಷ್ಯಾ ತನ್ನ ಆರ್ಕ್‌ಟಿಕ್ ಹವಾಮಾನಕ್ಕೆ ಅದನ್ನು ಬಳಸುತ್ತದೆ, ನಮ್ಮ ಕೆಲಸಕ್ಕೆ ಬೇಡ.

ಕಕ್ಷೆಯ ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕೆಂದರೆ, ಮೋಡವಿಲ್ಲದ ಸಂಜೆ ಸೂರ್ಯ ಮುಳುಗಿ ಮುಕ್ಕಾಲು ಗಂಟೆಯ ನಂತರ ಮಹಡಿಗೆ ಹೋಗಿ. ಪಾಂಡವಪುರದಲ್ಲಿ ಕುಂತಿ ಬೆಟ್ಟದ ಬಂಡೆಗಳ ಮೇಲೆ ಮಕ್ಕಳೊಂದಿಗೆ ಕುಳಿತು ಎಣಿಸಿದ್ದೇನೆ. ನಮಗೆ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು, ಅದಕ್ಕೇ ಉಪಗ್ರಹ ಮಿನುಗದ ಚುಕ್ಕೆಯಾಗಿ ಜಾರುತ್ತದೆ. ಉತ್ತರ-ದಕ್ಷಿಣವಾಗಿ ಹೋಗುವವು ಧ್ರುವೀಯ ಕಕ್ಷೆಯವು. ಪಶ್ಚಿಮದಿಂದ ಬಂದು ಶುಕ್ರನಂತೆ ಹೊಳೆಯುತ್ತಾ ನಾಲ್ಕೈದು ನಿಮಿಷದಲ್ಲಿ ಪೂರ್ವದ ಕಡೆಗೆ ಹೋಗುವುದು ಬಾಹ್ಯಾಕಾಶ ನಿಲ್ದಾಣ. ಇನ್ಸಾಟ್ ಅಷ್ಟು ದೂರದಲ್ಲಿ ಬರಿಗಣ್ಣಿಗೆ ಕಾಣುವುದಿಲ್ಲ.

ಆರನೆಯ ಹಂತ: ಚಿತ್ರ ತರುವುದು

ಸೆಂಟಿನೆಲ್ ಚಿತ್ರಗಳು ಸಿಗುವ ಕೊಪರ್ನಿಕಸ್ ಬ್ರೌಸರ್ ತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿಕೊಳ್ಳಿ. ನಕ್ಷೆಯಲ್ಲಿ ನಿಮ್ಮ ಊರಿಗೆ ಹೋಗಿ, ಜಾಗದ ಸುತ್ತ ಗೆರೆ ಎಳೆಯಿರಿ, ತಾರೀಖು ಆರಿಸಿ. ಬೇಸಿಗೆಯ ಬೆಳೆಗೆ ಸೆಂಟಿನೆಲ್-2ರ ಎಲ್2ಎ ದರ್ಜೆಯನ್ನು (ವಾತಾವರಣದ ಮಬ್ಬನ್ನು ಕಳೆದು ಸರಿಪಡಿಸಿದ ಚಿತ್ರ) ತೆಗೆದುಕೊಂಡು ಮೋಡದ ಮಿತಿಯನ್ನು ಶೇ. 20ಕ್ಕೆ ಇಳಿಸಿ. 'ಫಾಲ್ಸ್ ಕಲರ್' ನೋಟದಲ್ಲಿ ಹಸಿರು ಬೆಳೆ ಕೆಂಪಾಗಿ ಕಾಣುತ್ತದೆ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚು ಪ್ರತಿಫಲಿಸುವುದೇ ಕಾರಣ. ನೀರು ಅದನ್ನು ಹೀರಿಕೊಳ್ಳುವುದರಿಂದ ಕಪ್ಪು. ಮಳೆಗಾಲಕ್ಕೆ ಸೆಂಟಿನೆಲ್-1 ಆರಿಸಿ. ಅಲ್ಲಿ ಮರೆಯಬಾರದ ಒಂದು ಮಾತು: ಮೇಲೇರುವ (ದಕ್ಷಿಣದಿಂದ ಉತ್ತರಕ್ಕೆ ಹೋಗುವ) ಹಾದಿಯ ಚಿತ್ರವನ್ನು ಇಳಿಯುವ (ಉತ್ತರದಿಂದ ದಕ್ಷಿಣಕ್ಕೆ ಬರುವ) ಹಾದಿಯ ಚಿತ್ರದೊಂದಿಗೆ ಹೋಲಿಸಬೇಡಿ. ಉಪಗ್ರಹ ಬೇರೆ ಮಗ್ಗುಲಿನಿಂದ ನೋಡಿರುತ್ತದೆ, ಗದ್ದೆ ಬದಲಾಗದಿದ್ದರೂ ಬದಲಾದಂತೆ ತೋರುತ್ತದೆ. ಒಂದೇ ಕಕ್ಷೆ ಸಂಖ್ಯೆಯ ಚಿತ್ರಗಳನ್ನೇ ಜೋಡಿಸಿ.

ರಿಸೋರ್ಸ್‌ಸ್ಯಾಟ್ ಚಿತ್ರಗಳಿಗೆ ಇಸ್ರೋದ ಭೂನಿಧಿ ತಾಣ, ಇನ್ಸಾಟ್ ಮೋಡಗಳಿಗೆ ಮೋಸ್ಡಾಕ್ ತಾಣ. ಏಪ್ರಿಲ್-ಮೇ ಗುಡುಗು ಮಳೆಯ ದಿನಗಳಲ್ಲಿ, ಔಷಧಿ ಸಿಂಪಡಿಸುವ ಮುನ್ನ ಇನ್ಸಾಟ್‌ನ ಶಾಖದ ಚಿತ್ರಗಳನ್ನು ಅರ್ಧ ಗಂಟೆಗೊಂದರಂತೆ ನಾಲ್ಕೈದು ನೋಡಿ. ಮೋಡದ ತುದಿ ತಣ್ಣಗಾಗುತ್ತಾ ಹರಡುತ್ತಿದ್ದರೆ ಅದು ಎತ್ತರಕ್ಕೆ ಬೆಳೆಯುತ್ತಿದೆ ಎಂದರ್ಥ. ಇಪ್ಪತ್ತು ಮೂವತ್ತು ವರ್ಷದ ಬದಲಾವಣೆ ಬೇಕಿದ್ದರೆ ಲ್ಯಾಂಡ್‌ಸ್ಯಾಟ್‌ಗೆ ಹೋಗಿ. ಅದರ ಸರಣಿ 1972ರಿಂದ ಕಡಿಯದೆ ಬಂದಿದೆ, ಒಂದೇ ಬಗೆಯ ಕಕ್ಷೆಯಲ್ಲಿ, ಬೆಳಗಿನ ಒಂದೇ ಹೊತ್ತಿನ ಸುತ್ತಮುತ್ತ.

ಮೊದಲ ಅಭ್ಯಾಸಕ್ಕೆ ಕೆಆರ್‌ಎಸ್ ಹಿನ್ನೀರನ್ನೇ ತೆಗೆದುಕೊಳ್ಳಿ. 2023ರ ಬರದ ನಂತರ 2024ರ ಏಪ್ರಿಲ್‌ನಲ್ಲಿ ನೀರು ತೀರ ಕುಗ್ಗಿತ್ತು, ಅದೇ ವರ್ಷ ಮುಂಗಾರಿನಲ್ಲಿ 124.80 ಅಡಿಯ ಪೂರ್ಣ ಮಟ್ಟ ಮುಟ್ಟಿತು. ಏಪ್ರಿಲ್ ಮತ್ತು ಡಿಸೆಂಬರ್‌ನ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಅಂಚಿನ ಗುಂಟೆಗಳನ್ನು ಎಣಿಸಿ.

ತಾರೀಖನ್ನು ಚಿತ್ರದ ಮೇಲೆಯೇ ಬರೆದಿಡಿ. ಒಂದು ಊರಿನವರು ಮೊಬೈಲ್ ನಕ್ಷೆಯಲ್ಲಿ ಕಂಡ ತುಂಬಿದ ಕೆರೆಯ ಚಿತ್ರವನ್ನು ಈ ವರ್ಷದ್ದೆಂದು ಭಾವಿಸಿ ಸಭೆಗೆ ತಂದಿದ್ದರು. ಅದು ಬೇರೆ ಬೇರೆ ದಿನಗಳ ತುಣುಕುಗಳನ್ನು ಹೊಲಿದು ಮಾಡಿದ ಹಳೆಯ ಚಿತ್ರ. ಅವರ ದೂರು ನ್ಯಾಯವಾಗಿದ್ದರೂ ಆ ಒಂದು ಚಿತ್ರದಿಂದ ಅದಕ್ಕೆ ಬೆಲೆ ಸಿಗದೆ ಹೋಯಿತು.

ಏಳನೆಯ ಹಂತ: ಉಪಗ್ರಹ ಹಾಯುವ ದಿನ ಗದ್ದೆಯಲ್ಲಿರಿ

ಕಪ್ಪು ಕಂಡದ್ದೆಲ್ಲ ನೀರಲ್ಲ. ನುಣುಪಾಗಿ ಹರಡಿದ ಒಣ ಮಣ್ಣು, ಡಾಂಬರು ರಸ್ತೆ ಕೂಡ ರೇಡಾರ್‌ನಲ್ಲಿ ಕಪ್ಪಾಗಬಹುದು. ಗಾಳಿಗೆ ಅಲೆಯೆದ್ದ ಕೆರೆ ಬೆಳ್ಳಗಾಗಬಹುದು. ಕೂಳೆ ಕಬ್ಬೂ ಹೊಸ ಕಬ್ಬೂ ಕೆಲವು ತಿಂಗಳು ಒಂದೇ ಬಣ್ಣದಲ್ಲಿರುತ್ತವೆ. ಇದನ್ನು ಬಿಡಿಸಲು ನೆಲದ ಸಾಕ್ಷಿ ಬೇಕು. ಹಿಂದಿನ ಚಿತ್ರದ ತಾರೀಖಿಗೆ ಸೆಂಟಿನೆಲ್-2 ಆದರೆ ಐದು ದಿನ, ಸೆಂಟಿನೆಲ್-1 ಆದರೆ ಹನ್ನೆರಡು ದಿನ ಕೂಡಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ರೈತರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಅಮಾವಾಸ್ಯೆ, ಹುಣ್ಣಿಮೆಗಳ ನಡುವೆ ಹಸಿರು ಶಾಯಿಯ ಈ ಗುರುತುಗಳೂ ಇವೆ. ಗುರುತಿನ ದಿನ ಅವರು ಗದ್ದೆಗೆ ಹೋಗಿ, ಬದುವಿನ ಮೇಲೆ ನಿಂತು ನಾಲ್ಕು ದಿಕ್ಕಿಗೂ ಒಂದೊಂದು ಫೋಟೊ ತೆಗೆದು, ನೀರು ಗೇಣಿದೆಯೇ ಬೆರಳಿದೆಯೇ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಬರುತ್ತಾರೆ. ಮುಂದಿನ ಅರ್ಜಿಗೆ ಚಿತ್ರದ ಜೊತೆಗೆ ಆ ಪುಟವೂ ಹೋಗುತ್ತದೆ.